ಕದ್ದವನ ಹೆಸರು ಹೇಳಮ್ಮ

ಮಾರ್ಚ್ 6

ಅಮ್ಮಾ,

ಈ ಸುದ್ದಿ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಫೋನು ಮಾಡೋಣವೆಂದರೆ ನನ್ನ ಫೋನು ಪೊಲೀಸರ ಹತ್ತಿರ ಇದೆ. ಇನ್ನೊಂದನ್ನು ಕೊಳ್ಳುವ ಮನಸ್ಸಿಲ್ಲ. ಆ ಗಾಜನ್ನು ಮುಟ್ಟಲು ಬೆರಳು ಹಿಂಜರಿಯುತ್ತದೆ. ಅದಕ್ಕೇ ಈ ಕಾಗದ.

ನನ್ನ ಫೋಟೋಗಳನ್ನು ಯಾರೋ ಕದ್ದಿದ್ದಾರೆ. ಮೈಮೇಲೆ ಬಟ್ಟೆಯಿಲ್ಲದ ಫೋಟೋಗಳು. ನನ್ನ ಕೋಣೆಯಲ್ಲಿ, ನನ್ನ ಕನ್ನಡಿಯ ಮುಂದೆ, ನಾನೇ ತೆಗೆದುಕೊಂಡವು. ಸುತ್ತಿಬಳಸಿ ಹೇಳಿದರೆ ನಿನಗೆ ತಿಳಿಯುವುದು ತಡವಾದೀತೇ ಹೊರತು ಸಂಕಟವೇನೂ ಕಡಿಮೆಯಾಗುವುದಿಲ್ಲ. ಈಗ ಅವು ಎಲ್ಲೆಲ್ಲಿವೆಯೋ ನನಗೆ ಗೊತ್ತಿಲ್ಲ. ಆಸ್ಪತ್ರೆಯ ವಾರ್ಡಿನವರ ಫೋನಿನಲ್ಲಿವೆ, ಅದು ಗೊತ್ತು. ಎಕ್ಸ್‌ರೇ ಕೋಣೆಯಿಂದ ನಾನು ಹೊರಗೆ ಬಂದರೆ ಕಾರಿಡಾರಿನಲ್ಲಿ ಮಾತು ನಿಲ್ಲುತ್ತದೆ. ದಾಟಿ ಹೋದ ಮೇಲೆ ನಗು ಕೇಳುತ್ತದೆ.

ಮೊನ್ನೆ ಆಡಳಿತಾಧಿಕಾರಿ ಕರೆಸಿದ್ದರು. "ಕೂತ್ಕೋಮ್ಮ, ನೀನು ನನ್ನ ಮಗಳ ಥರ" ಎಂದು ಶುರು ಮಾಡಿದರು. ಈ ಮಾತಿನಿಂದ ಶುರುವಾದದ್ದು ಯಾವತ್ತೂ ಒಳ್ಳೆಯದರಲ್ಲಿ ಮುಗಿದದ್ದಿಲ್ಲ. ರಾಜೀನಾಮೆ ಪತ್ರವನ್ನು ಅವರೇ ಟೈಪು ಮಾಡಿಸಿಟ್ಟಿದ್ದರು. ನನ್ನ ಸಹಿಯೊಂದು ಬಾಕಿ. "ನಾನು ಏನು ಕದ್ದಿದ್ದೀನಿ ಸಾರ್?" ಎಂದು ಕೇಳಿದೆ. ಅವರು ಕಿಟಕಿ ಕಡೆ ನೋಡಿದರು. ಪತ್ರವನ್ನು ಮಡಿಸಿ ಅವರ ಮೇಜಿನ ಮೇಲೇ ಇಟ್ಟು ಬಂದೆ.

ಠಾಣೆಗೆ ದೂರು ಕೊಟ್ಟಿದ್ದೇನೆ. ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಸಿಟ್ಟಾದರೂ ಸರಿ, ಬರಿ.

ನಿನ್ನ ಮಗಳು


ಮಾರ್ಚ್ 15

ಮಗಳೇ,

ನಿನ್ನ ಕಾಗದ ಬಂದಾಗ ಒಬ್ಬರ ಕೋಟು ಮೇಜಿನ ಮೇಲೆ ಹರಡಿತ್ತು. ಓದಿ ಮುಗಿಸಿ ಕತ್ತರಿ ಎತ್ತಿದವಳು ತೋಳನ್ನು ಅಡ್ಡಡ್ಡ ಕತ್ತರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಹಾಗೆ ಮಾಡಿದವಳಲ್ಲ.

ನಿನಗೇನು ಬುದ್ಧಿ ಕೆಟ್ಟಿತ್ತೇ? ಯಾರಿಗೆ ತೋರಿಸಲು ತೆಗೆದೆ? ನೀನು ತೆಗೆಯದೇ ಇದ್ದಿದ್ದರೆ ಕದಿಯಲು ಏನಿರುತ್ತಿತ್ತು? ನಮ್ಮದು ಎಂಥ ಮನೆ ಎಂದು ನಿನಗೆ ಮರೆತುಹೋಯಿತೇ? ನಿನ್ನಜ್ಜಿಯ ಕಾಲದಿಂದ ಹೆಂಗಸರ ಅಳತೆಯನ್ನು ಬಾಯಿಬಿಟ್ಟು ಹೇಳಿದವರಲ್ಲ ನಾವು. ಟೇಪು ಹಿಡಿದು ಅಂಕಿ ಕೂಗುವವರು ಬೇರೆ. ನಾವು ಕಾಗದದ ಪಟ್ಟಿಯನ್ನು ಮೈಗೆ ಹಿಡಿದು, ಎದೆಗೊಂದು ಸೊಂಟಕ್ಕೊಂದು ಎಂದು ಅಂಚಿನಲ್ಲಿ ಕಚ್ಚು ಹಾಕುತ್ತೇವೆ. ಬಟ್ಟೆ ಕೊಡುವ ದಿನ ಆ ಪಟ್ಟಿಯನ್ನೂ ಅವರ ಕೈಗೇ ಕೊಟ್ಟುಬಿಡುತ್ತೇವೆ. ಪರದೆಯ ಹಿಂದೆ ನಿಂತವಳು ದಪ್ಪವೋ ತೆಳುವೋ, ಬಸುರಿಯೋ, ಮೈಮೇಲೆ ಬಾಸುಂಡೆ ಇದೆಯೋ, ಪರದೆಯ ಈಚೆ ನಾನು ತುಟಿ ಬಿಚ್ಚಿದ್ದಿಲ್ಲ. ಅಂಥವಳ ಮಗಳು ಮೈಯನ್ನು ಬಯಲಿಗಿಟ್ಟು ಕೂತಿದ್ದೀಯ.

ನಿನ್ನ ದೊಡ್ಡಪ್ಪನವರಿಗೆ ಹೇಗೋ ಗೊತ್ತಾಗಿದೆ. ನಿನ್ನೆ ಅಂಗಡಿಗೆ ಬಂದು ನಿಂತೇ ಮಾತಾಡಿದರು. "ಹುಡುಗೀನ ಕರೆಸ್ಕೋ. ಕಂಪ್ಲೇಂಟು ಗಿಂಪ್ಲೇಂಟು ಅಂತ ಎಳೆದಾಡಿದ್ರೆ ನಾಲ್ಕು ಜನ ನೋಡಿದ್ದನ್ನ ನಾನೂರು ಜನ ನೋಡ್ತಾರೆ" ಎಂದರು. ನನಗೂ ಅದು ಸರಿ ಅನಿಸುತ್ತದೆ. ಪಕ್ಕದ ಫೋನ್ ರಿಪೇರಿ ಅಂಗಡಿಯಿಂದ ಅವರ ಮಗ ಚಿನ್ನು ದಿನಾ ಟೀ ತಂದುಕೊಡುತ್ತಾನೆ. "ಚಿಕ್ಕಮ್ಮ, ತಲೆ ಕೆಡಿಸ್ಕೋಬೇಡಿ, ಜನ ನಾಳೆ ಮರೀತಾರೆ" ಅನ್ನುತ್ತಾನೆ. ಪೊಲೀಸರು ಏನಂದರಂತೆ ಎಂದೂ ವಿಚಾರಿಸಿದ. ಅಣ್ಣ ಎನಿಸಿಕೊಂಡದ್ದಕ್ಕೆ ಅವನಿಗಾದರೂ ನಿನ್ನ ಮೇಲೆ ಕರುಳಿದೆ.

ಸಹಿ ಹಾಕಿ ಬಂದುಬಿಡು. ಇಲ್ಲಿ ಕಾಜ ಹೊಲಿಯಲು, ಗುಂಡಿ ಹಾಕಲು ಕೈ ಬೇಕು.

ಅಮ್ಮ


ಮಾರ್ಚ್ 24

ಅಮ್ಮಾ,

ಬಯಲಿಗಿಟ್ಟವಳು ನಾನಲ್ಲ. ನಾನು ಬಾಗಿಲು ಹಾಕಿಕೊಂಡಿದ್ದೆ. ಮನೆಗೆ ಕನ್ನ ಹಾಕಿದರೆ ಊರು ಕಳ್ಳನನ್ನು ಹುಡುಕುತ್ತದೆ. ಹೆಣ್ಣಿನ ಫೋಟೋ ಕದ್ದರೆ ಮಾತ್ರ ಹೆಣ್ಣನ್ನು ಹುಡುಕುತ್ತದೆ. ಇದೆಂಥ ಊರಮ್ಮ? ಇದಕ್ಕೆ ನೀನೂ ಪಂಜು ಹಿಡಿದು ಹೊರಟಿದ್ದೀಯಲ್ಲ!

ಆಸ್ಪತ್ರೆಯಲ್ಲಿ ನನ್ನ ಮೇಲೆ ವಿಚಾರಣೆ ಶುರುವಾಗಿದೆ. ಮೇಜಿನ ಆಚೆ ಮೂವರು ಗಂಡಸರು. ಅವರ ಮುಂದೆ ಒಂದು ಕಡತ. ತೆರೆದರೆ ಒಳಗೆ ಏನಿತ್ತು ಗೊತ್ತೇ? ನನ್ನ ಫೋಟೋ. ಬಣ್ಣದಲ್ಲಿ ಅಚ್ಚು ಹಾಕಿಸಿದ್ದರು, ಮೂವರಿಗೂ ಒಂದೊಂದು ಪ್ರತಿ. ಒಬ್ಬರು ಕನ್ನಡಕ ಒರೆಸಿಕೊಂಡು ನೋಡಿದರು. ನನ್ನ ಮಾನ ಹೋಯಿತೆಂದು ವಿಚಾರಣೆ ಮಾಡುವವರು ಅದನ್ನು ಪ್ರತಿ ತೆಗೆಸಿ ಹಂಚಿಕೊಂಡಿದ್ದರು!

ನಾನು ಏನು ಕೆಲಸ ಮಾಡುತ್ತೇನೆ ಹೇಳು. ದಿನಾ ಜನರ ಚರ್ಮದಾಚೆಗಿನದನ್ನು ನೋಡುತ್ತೇನೆ. ಎಲುಬು, ಶ್ವಾಸಕೋಶ, ಹೊಟ್ಟೆಯೊಳಗೆ ನುಂಗಿದ ನಾಣ್ಯ. ಒಬ್ಬರ ಎಕ್ಸ್‌ರೇ ಇನ್ನೊಬ್ಬರ ಕಣ್ಣಿಗೆ ಬೀಳುವ ಹಾಗೆ ದೀಪದ ಹಲಗೆಯ ಮೇಲೆ ಬಿಟ್ಟರೆ ನನಗೆ ನೋಟಿಸು ಬರುತ್ತದೆ. ಆ ನಿಯಮಕ್ಕೆ ಸಹಿ ಹಾಕಿದವರೇ ಈ ಮೂವರು. ಕೇಳಿಯೇ ಬಿಟ್ಟೆ: "ಸಾರ್, ಈ ಪ್ರತಿ ತೆಗೆಯೋಕೆ ನನ್ನ ಅನುಮತಿ ಕೇಳಿದ್ರಾ?" ನಡುವಿನವರು ಕಡತ ಮುಚ್ಚಿ, "ನಿನ್ನ ಒಳ್ಳೇದಕ್ಕೇ ಕಣಮ್ಮ ಇದೆಲ್ಲ" ಎಂದರು. ನನ್ನ ಒಳ್ಳೆಯದಕ್ಕೆ ಎಷ್ಟು ಜನ ಕಣ್ಣು ನೋಯಿಸಿಕೊಳ್ಳುತ್ತಿದ್ದಾರೆ ನೋಡು.

ಈಗ ಮುಖ್ಯವಾದ ಮಾತು. ಮೇ ಕೊನೆಗೆ ತೀರ್ಮಾನ. ಕದ್ದವನು ಯಾರೆಂದು ಪೊಲೀಸರು ಅಷ್ಟರೊಳಗೆ ಬರೆದುಕೊಟ್ಟರೆ ನನ್ನ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ನಾನೇ ಹರಿಯಬಿಟ್ಟೆ ಎಂದು ಷರಾ ಬರೆದು ಹೊರಗೆ ಹಾಕುತ್ತಾರೆ. ಆಮೇಲೆ ಯಾವ ಆಸ್ಪತ್ರೆಯೂ ಸೇರಿಸಿಕೊಳ್ಳುವುದಿಲ್ಲ.

ಪೊಲೀಸರು ಹುಡುಕಿದಾಗ ಒಂದು ಸಂಗತಿ ಸಿಕ್ಕಿದೆ. ಫೋಟೋಗಳು ನನ್ನ ಫೋನಿನಿಂದ ಹೋಗಿಲ್ಲ. ನಿನಗೆ ಕೊಟ್ಟ ನನ್ನ ಹಳೇ ಫೋನಿನಲ್ಲಿ ನನ್ನ ಖಾತೆ ಇನ್ನೂ ತೆರೆದೇ ಇದೆಯಂತೆ. ಜನವರಿ ಎರಡನೇ ವಾರದಲ್ಲಿ ಆ ಫೋನಿನಿಂದ ಎಲ್ಲವನ್ನೂ ಒಂದು ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾರೆ. ನಿನ್ನ ಹತ್ತಿರ ಕಂಪ್ಯೂಟರು ಇಲ್ಲ.

ಆ ವಾರ ಫೋನು ಯಾರ ಕೈಯಲ್ಲಿತ್ತಮ್ಮ?

ನಿನ್ನ ಮಗಳು


ಏಪ್ರಿಲ್ 12

ಅಮ್ಮಾ,

ಉತ್ತರ ಬರಲಿಲ್ಲ. ಮಹಿಳಾ ಇನ್‌ಸ್ಪೆಕ್ಟರು ಎರಡು ಸಲ ಕೇಳಿದರು. "ಅಮ್ಮನಿಗೆ ಹುಷಾರಿಲ್ಲ" ಎಂದು ಸುಳ್ಳು ಹೇಳಿದೆ.

ಹುಷಾರಾಗಿದ್ದೀಯ ತಾನೆ?

ನಿನ್ನ ಮಗಳು


ಏಪ್ರಿಲ್ 20

ಮಗಳೇ,

ಹುಷಾರಾಗಿದ್ದೇನೆ. ಬರೆಯಲು ಕೂತೆ. ಮೂರು ಕಾಗದ ಹರಿದು ಒಲೆಗೆ ಹಾಕಿದೆ. ಇದನ್ನು ಹರಿಯುವುದಿಲ್ಲ.

ಆ ಫೋನು ಕೊಡುವಾಗ ನೀನು "ನನ್ನ ಖಾತೆ ಆಮೇಲೆ ತೆಗೀತೀನಿ" ಎಂದಿದ್ದೆ. ನೀನು ಮರೆತೆ. ನಾನು ಬೇಕೆಂದೇ ನೆನಪಿಸಲಿಲ್ಲ. ಯಾಕೆಂದರೆ ನೀನು ಅಲ್ಲಿ ತೆಗೆದ ಫೋಟೋ ಇಲ್ಲಿ ತಾನಾಗಿ ಬಂದು ಬೀಳುತ್ತಿತ್ತು. ಕಿಟಕಿಯಲ್ಲಿ ಒಣಗಲು ಇಟ್ಟ ನಿನ್ನ ಬೂಟು. ಆಸ್ಪತ್ರೆಯ ಗೋಡೆಯ ಮೇಲೆ ಮಲಗಿದ ಬೆಕ್ಕು. ಅರ್ಧ ತಿಂದಿಟ್ಟ ತಟ್ಟೆ. ಫೋನಿನಲ್ಲಿ ನೀನು "ಚೆನ್ನಾಗಿದ್ದೀನಿ" ಅನ್ನುವುದೊಂದು ಬಿಟ್ಟು ಬೇರೇನು ಹೇಳುತ್ತಿದ್ದೆ? ಆ ಫೋಟೋಗಳು ಹೇಳುತ್ತಿದ್ದವು. ಸಂಜೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಮುಸುಕು ಹಾಕಿ, ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಮಗಳನ್ನು ಮಾತಾಡಿಸಿಕೊಂಡು ಬಂದ ಹಾಗೆ ಆಗುತ್ತಿತ್ತು.

ಒಂದು ಸಂಜೆ ಅವು ಬಂದವು.

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ನಿನಗೆ ಹೇಳಬೇಕು ಅಂದುಕೊಂಡೆ. ಏನೆಂದು ಹೇಳಲಿ? ನೋಡಲೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ವಾರ ಬ್ಯಾಟರಿ ಉಬ್ಬಿತು. ಚಿನ್ನು ನೋಡಿ, "ಚಿಕ್ಕಮ್ಮ, ನಿಮ್ಮ ಫೋನು ಬಸುರಿ, ಹೆರಿಗೆ ಮಾಡಿಸಬೇಕು" ಎಂದು ನಗಿಸಿದ. ಒಳಗೆ ಏನಿದೆ ಎಂದು ನೆನಪಿತ್ತು ಮಗಳೇ. ಆದರೆ ಅವನು ನಮ್ಮ ಹುಡುಗ. ಬೇರೆ ಅಂಗಡಿಗೆ ಕೊಡೋಣವೆಂದು ಹೊಳೆಯಲೇ ಇಲ್ಲ. ಫೋನಿನ ಬೀಗ ತೆಗೆಯುವ ನಂಬರು ಕೇಳಿದ, ಹೇಳಿದೆ. ಎರಡು ದಿನ ಇಟ್ಟುಕೊಂಡಿದ್ದ.

ನಿನ್ನ ಕಾಗದ ಬಂದ ಮೇಲೆ ಅವನ ಅಂಗಡಿಗೆ ಹೋದೆ. ಯಾರದೋ ಫೋನು ಬಿಚ್ಚಿಕೊಂಡು ಕೂತಿದ್ದ.

"ಚಿನ್ನು, ನನ್ನ ಫೋನಿನೊಳಗಿಂದು ತೆಗೆದ್ಯಾ?"

"ಬ್ಯಾಕಪ್ ಮಾಡ್ದೆ ಚಿಕ್ಕಮ್ಮ. ಎಲ್ಲರದೂ ಮಾಡ್ತೀನಿ. ಹಾಳಾದ್ರೆ ನೀವೇ ಬೈತೀರಲ್ಲ."

"ಆಮೇಲೆ?"

"ಆಮೇಲೇನು? ನಮ್ಮ ಹುಡುಗರ ಗ್ರೂಪಲ್ಲಿ ಹಾಕ್ದೆ. ಅಲ್ಲಿಂದ ಆಚೆ ಹೋಗುತ್ತೆ ಅಂತ ನನಗೇನ್ ಗೊತ್ತು?"

"ಅವಳು ನಿನ್ನ ಅಣ್ಣ ಅಂತಾಳಲ್ಲೋ."

ಸ್ಕ್ರೂಡ್ರೈವರು ಕೆಳಗಿಟ್ಟು ಆಗ ತಲೆ ಎತ್ತಿದ. "ಅವಳು ತೆಗೀದೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ ಚಿಕ್ಕಮ್ಮ? ನೀವೇ ಹೇಳಿ."

ಅದು ನನ್ನದೇ ಮಾತು. ನಾನು ನಿನಗೆ ಬರೆದ ಮಾತು. ಕದ್ದವನ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಹೊರಟಿತು! ಅವನ ಅಳತೆಗೇ ಹೊಲಿದುಕೊಟ್ಟ ಹಾಗಿತ್ತು.

ಇನ್ನೊಂದಿದೆ. ಕಣ್ಣು ಮಂಜಾದ ಮೇಲೆ, ಬಟ್ಟೆಗೆ ಪಿನ್ನು ಚುಚ್ಚಿ ನಿಲ್ಲಿಸಿದ ಹೆಂಗಸರ ಫೋಟೋ ತೆಗೆದುಕೊಳ್ಳುವುದು ರೂಢಿಯಾಗಿತ್ತು. ಅವರನ್ನು ಕೇಳಿಯೇ ತೆಗೆದದ್ದು. ದೊಡ್ಡದು ಮಾಡಿ ನೋಡಿದರೆ ಬೆನ್ನಿನಲ್ಲಿ ಬಟ್ಟೆ ಎಲ್ಲಿ ಸೆಳೆಯುತ್ತದೆ ಎಂದು ಕಾಣುತ್ತದೆ. ಅರ್ಧ ಬಟ್ಟೆ ತೊಟ್ಟವರು, ಒಳಲಂಗದಲ್ಲಿ ನಿಂತವರು. ಅವೂ ಅದೇ ಫೋನಿನಲ್ಲಿದ್ದವು. ಅವೂ ಅವನ ಹತ್ತಿರ ಇವೆ.

ನಿನ್ನ ದೊಡ್ಡಪ್ಪನವರಿಗೆ ಎಲ್ಲ ಗೊತ್ತು. "ಮನೆ ಹುಡುಗನ್ನ ಜೈಲಿಗೆ ಕಳಿಸ್ತೀಯಾ? ನಿನ್ನ ಗಂಡ ಹೋದಾಗ ಈ ಅಂಗಡಿ ಬಿಟ್ಟುಕೊಟ್ಟೋನು ನಾನು, ಮರೀಬೇಡ" ಎಂದರು. ಮರೆತಿಲ್ಲ. ಇವನನ್ನು ಎತ್ತಿ ಆಡಿಸಿದ್ದನ್ನೂ ಮರೆತಿಲ್ಲ.

ನನಗೆ ಒಂದು ದಾರಿ ಕಾಣುತ್ತದೆ. ನನ್ನ ಮೇಲೇ ಹಾಕು. ಅಮ್ಮನಿಗೆ ಫೋನು ಬರುವುದಿಲ್ಲ, ಏನೋ ಒತ್ತಿದಳು, ಎಲ್ಲ ಹೊರಟುಹೋಯಿತು ಎಂದು ಬರೆಸು. ಮುದುಕಿಯನ್ನು ಯಾರು ಜೈಲಿಗೆ ಹಾಕುತ್ತಾರೆ? ನಿನ್ನ ಕೆಲಸವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.

ಅಮ್ಮ


ಏಪ್ರಿಲ್ 27

ಅಮ್ಮಾ,

ನೀನು ನೋಡಿದ್ದೆ ಎಂಬಲ್ಲಿಗೆ ಕಾಗದ ಮಡಿಸಿಟ್ಟು ಕೆಲಸಕ್ಕೆ ಹೋದೆ. ಮೂರು ದಿನ ಮುಂದಕ್ಕೆ ಓದಲಿಲ್ಲ.

ನನಗೆ ಸಿಟ್ಟಿದೆ. ದಿನಾ ಸಂಜೆ ನನ್ನನ್ನು ಕೇಳದೆ ನನ್ನ ಕಿಟಕಿಯಲ್ಲಿ ಇಣುಕಿದ್ದೀಯ. ಬೂಟು ನೋಡಿದ್ದಕ್ಕೂ ಸಿಟ್ಟಿದೆ, ಬೆಕ್ಕು ನೋಡಿದ್ದಕ್ಕೂ ಸಿಟ್ಟಿದೆ. "ಹೇಗಿದ್ದೀಯ" ಎಂದು ಕೇಳಿ, "ಚೆನ್ನಾಗಿದ್ದೀನಿ" ಎಂದಾಗ "ಸುಳ್ಳು ಹೇಳಬೇಡ" ಎಂದು ಗದರಿಸಬಾರದಿತ್ತೇ? ನಮ್ಮಿಬ್ಬರಿಗೂ ಎದುರೆದುರು ಮಾತಾಡಲು ಬರಲಿಲ್ಲ. ಆ ಸಂದಿಯಲ್ಲಿ ಅವನು ಕೈ ಹಾಕಿದ.

ಆದರೆ ಕೇಳು. ನಿನ್ನ ಮೇಲಿನ ಸಿಟ್ಟು ಮನೆಯ ಮಾತು. ಅವನ ಮೇಲಿನದು ಠಾಣೆಯ ಮಾತು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡ. ನೀನು ನೋಡಿ ಬೋರಲು ಹಾಕಿದೆ. ಅವನು ನೋಡಿ ಹಂಚಿದ. ನೀನು ಅವನನ್ನು ನಂಬಿ ಫೋನು ಕೊಟ್ಟೆ. ನಂಬುವುದು ಅಪರಾಧವಾದರೆ ನಿನ್ನ ಪರದೆಯ ಹಿಂದೆ ಬಟ್ಟೆ ಬಿಚ್ಚಿ ನಿಂತ ಹೆಂಗಸರೆಲ್ಲ ಅಪರಾಧಿಗಳು. ಫೋಟೋ ತೆಗೆದುಕೊಂಡದ್ದಕ್ಕೆ ನಾನು ಹೊಣೆಯಲ್ಲ ಎಂದು ಮೂವರ ಮುಂದೆ ಕೂಗಿ ಬಂದವಳು, ಫೋನು ಕೊಟ್ಟದ್ದಕ್ಕೆ ಅಮ್ಮ ಹೊಣೆ ಎಂದು ಬರೆಸಲೇ? ನನ್ನ ಕೆಲಸ ಉಳಿಸಿಕೊಳ್ಳಲು ಹಾಗೆ ಮಾಡುವುದಿಲ್ಲ.

ಎಲ್ಲ ಕಡೆ ಇದೇ ನಡೆಯುತ್ತಿದೆಯಮ್ಮ. ಗಂಡಸು ಕದಿಯುತ್ತಾನೆ, ಮನೆಯ ಹೆಂಗಸರು ಸಾಲಾಗಿ ನಿಂತು ತಪ್ಪನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮಗಳಿಂದ ತಾಯಿಗೆ, ತಾಯಿಯಿಂದ ಮಗಳಿಗೆ. ಅವನು ಪಕ್ಕದಲ್ಲಿ ಟೀ ಕುಡಿಯುತ್ತಾ ಕೂತಿರುತ್ತಾನೆ. ಕೂತಿದ್ದಾನೋ ಇಲ್ಲವೋ ಹೇಳು!

ಯಾರಿಗೆ ತೋರಿಸಲು ತೆಗೆದೆ ಎಂದು ಕೇಳಿದ್ದೆ. ಹೇಳುವುದಿಲ್ಲ. ಅದು ಒಳ್ಳೆಯ ಕಾರಣವಾದರೆ ನನಗೆ ಮಾಫಿ, ಕೆಟ್ಟದ್ದಾದರೆ ಅವನಿಗೆ ರಿಯಾಯಿತಿ, ಇಂಥ ವ್ಯಾಪಾರಕ್ಕೆ ನಾನು ಬರುವುದಿಲ್ಲ. ನನ್ನ ಮೈ, ನನ್ನ ಕನ್ನಡಿ. ಅಷ್ಟೆ.

ಅಂಗಡಿಗೆ ಬರುವ ಆ ಹೆಂಗಸರಿಗೆ ಏನು ಹೇಳುತ್ತೀಯ? ಅವರಿಗೆ ಇನ್ನೂ ಏನೂ ಗೊತ್ತಿಲ್ಲ. ನನಗೆ ಗೊತ್ತಾದ ಹಾಗೆ, ಕಾರಿಡಾರಿನ ನಗುವಿನಿಂದ ಅವರಿಗೂ ಗೊತ್ತಾಗಲಿ ಎಂದು ಬಿಡುತ್ತೀಯಾ?

ನಿನ್ನ ಕೈ ಹಿಡಿದು ಠಾಣೆಗೆ ಎಳೆದುಕೊಂಡು ಹೋಗಲು ನಾನು ಬರುವುದಿಲ್ಲ. ಹೋಗುವುದಾದರೆ ನೀನೇ ಹೋಗು. ಹೋಗಿ ಕದ್ದವನ ಹೆಸರು ಹೇಳಮ್ಮ. ನನ್ನದಲ್ಲ, ನಿನ್ನದಲ್ಲ. ಅವನದು.

ನಿನ್ನ ಮಗಳು


ಮೇ 14

ಮಗಳೇ,

ಹೋಗಿ ಬಂದೆ. ಮೊದಲಿಂದ ಹೇಳುತ್ತೇನೆ.

ಮೊದಲು ಆ ಹೆಂಗಸರ ಮನೆಮನೆಗೆ ಹೋದೆ. ಬಾಗಿಲಲ್ಲಿ ನಿಂತು ಹೇಳುವ ಮಾತಲ್ಲ, ಒಳಗೆ ಕೂತು ಹೇಳಿದೆ. ಬೇಕರಿಯವಳು ಅರ್ಧ ಕೇಳಿಸಿಕೊಂಡು ಎದ್ದು, "ನಿನ್ನ ನಂಬಿ ಬಂದಿದ್ನಲ್ಲೇ ಮುದುಕಿ" ಎಂದು ಹೊರಗೆ ದಬ್ಬಿದಳು. ಅವಳು ದಬ್ಬಿದ್ದು ಸರಿ. ಬ್ಯಾಂಕಿನವಳು ನನ್ನ ಕಾಲು ಹಿಡಿಯಲು ಬಂದಳು: "ಅಕ್ಕಾ, ದಮ್ಮಯ್ಯ, ನನ್ನ ಹೆಸರು ಎಲ್ಲೂ ಎತ್ತಬೇಡಿ, ನಮ್ಮನೆಯವರು ನನ್ನನ್ನೇ ಕೊಲ್ತಾರೆ." ಕದ್ದವನಿಗೆ ಇಲ್ಲದ ಹೆದರಿಕೆ ಇವಳಿಗೆ. ಎತ್ತುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಶಾಲೆಯ ಬಸ್ಸು ಓಡಿಸುತ್ತಾಳಲ್ಲ, ದಪ್ಪಗೆ ಇದ್ದಾಳೆಂದು ಎಲ್ಲರೂ ಲಾರಿ ಎಂದು ಕರೆಯುತ್ತಾರೆ, ಅವಳು, "ನನ್ನ ಫೋಟೋನೂ ನೋಡಿದ್ನಾ? ಒಂದೇ ಫೋನಲ್ಲಿ ಪೂರ್ತಿ ಹಿಡಿಸ್ತಾ?" ಎಂದು ನಕ್ಕಳು. ನಗುತ್ತಲೇ ಅಳತೊಡಗಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಡೀರಿ ಅಕ್ಕ, ಯಾವ ಸ್ಟೇಷನ್ನು?" ಎಂದಳು. ಕೊನೆಗೆ ಜೊತೆಗೆ ಬಂದವಳು ಅವಳೊಬ್ಬಳೇ. ಒಬ್ಬಳಾದರೂ ಬಂದಳು.

ನಿನ್ನ ದೂರಿನ ಪ್ರತಿ ಇಲ್ಲಿನ ಠಾಣೆಗೂ ಬಂದಿತ್ತು. ಬರೆದುಕೊಳ್ಳುವವನು ಚಿಕ್ಕ ವಯಸ್ಸಿನವನು. ಎಲ್ಲ ಹೇಳಿದೆ. ಖಾತೆಯನ್ನು ನಾನೇ ತೆಗೆಸದೆ ಬಿಟ್ಟದ್ದನ್ನೂ ಹೇಳಿದೆ. ಒಳಗೆ ಏನಿದೆ ಎಂದು ಗೊತ್ತಿದ್ದೂ ಫೋನು ಕೊಟ್ಟದ್ದನ್ನೂ ಬಿಡಲಿಲ್ಲ. ಅವನು, "ಫೋನು ಯಾರ ಕೈಗೆ ಕೊಟ್ರಿ?" ಎಂದ.

"ಚಿನ್ನು."

"ಮುದ್ದಿನ ಹೆಸರು ಬೇಡ ಅಮ್ಮ. ಪೂರ್ತಿ ಹೆಸರು ಹೇಳಿ."

ಅವನು ಮೊದಲ ಸಲ ಶಾಲೆಗೆ ಹೊರಟಾಗ ಅಂಗಿ ಹೊಲಿದುಕೊಟ್ಟವಳು ನಾನು. ಎಲ್ಲ ಮಕ್ಕಳದೂ ಒಂದೇ ಥರದ ಅಂಗಿ, ಅದಲುಬದಲಾಗದಿರಲಿ ಎಂದು ಕಾಲರಿನ ಒಳಗೆ ಅವನ ಪೂರ್ತಿ ಹೆಸರನ್ನು ಕೆಂಪು ದಾರದಲ್ಲಿ ಹೊಲಿದಿದ್ದೆ. ಆ ಒಂದೊಂದು ಹೊಲಿಗೆಯೂ ಬೆರಳಿಗೆ ನೆನಪಿದೆ. ಹೇಳಿದೆ. ಬರೆದುಕೊಳ್ಳುವವನಿಗೆ ಒಂದು ಅಕ್ಷರ ತಪ್ಪಿತು. ತಿದ್ದಿಸಿದೆ. ಲಾರಿ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಳು.

ಅವನ ಕಂಪ್ಯೂಟರನ್ನು ಹೊತ್ತುಕೊಂಡು ಹೋಗಿದ್ದಾರೆ. ಅದರೊಳಗೆ ನಮ್ಮದಷ್ಟೇ ಅಲ್ಲವಂತೆ, ರಿಪೇರಿಗೆ ಬಂದ ಎಷ್ಟೋ ಫೋನುಗಳದು ಇತ್ತಂತೆ. ಕರೆದುಕೊಂಡು ಹೋಗುವಾಗ ಅವನು ನನ್ನ ಮುಖ ನೋಡಿ, "ಚಿಕ್ಕಮ್ಮಾ" ಎಂದ. ಚಿಕ್ಕವನಿದ್ದಾಗ ಬಿದ್ದು ಮಂಡಿ ತರಚಿಸಿಕೊಂಡು ಬಂದಾಗಲೂ ಹಾಗೇ ಕರೆಯುತ್ತಿದ್ದ. ಆದರೆ ನಾನು ಅಂಗಡಿಯೊಳಗೆ ಪರದೆಯ ಪಕ್ಕವೇ ನಿಂತೆ, ಹೊರಗೆ ಹೋಗಲಿಲ್ಲ.

ನಿನ್ನ ದೊಡ್ಡಪ್ಪನವರು ಅಂಗಡಿಗೆ ಬೀಗ ಹಾಕಿದ್ದಾರೆ. ಯಂತ್ರ ಮಾತ್ರ ನನ್ನದು, ತಂದಿದ್ದೇನೆ. ಲಾರಿಯ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟಿದ್ದೇನೆ. ಪರದೆ ಹಾಕಲು ತಂತಿ ಕಟ್ಟಿದೆ. ಮೊನ್ನೆ ಬೇಕರಿಯವಳು ಬಂದು ಬಾಗಿಲಲ್ಲೇ ನಿಂತು, "ಫೋನು ಇಟ್ಟಿದ್ದೀಯೇನೇ?" ಎಂದಳು. ಇಲ್ಲ, ಪೊಲೀಸರ ಹತ್ತಿರ ಇದೆ ಎಂದೆ. ಕೈಯಲ್ಲಿದ್ದ ಬಟ್ಟೆ ಸ್ಟೂಲಿನ ಮೇಲೆ ಇಟ್ಟಳು. ಹೊರಟುಹೋದಳು. ಅಳತೆ ಕೊಡಲು ಬರುತ್ತಾಳೋ ಇಲ್ಲವೋ ತಿಳಿಯದು. ಕಾಯುತ್ತೇನೆ.

ಹೇಳಿಕೆಯ ಪ್ರತಿ ಇದರ ಜೊತೆ ಇದೆ. ಆ ಮೂವರಿಗೆ ತೋರಿಸು. ಬೇಡ, ನಾನೇ ತೋರಿಸುತ್ತೇನೆ. ತೀರ್ಮಾನದ ದಿನ ಬರುತ್ತೇನೆ. ಹೊರಗೆ ಕೂತಿರು ಎಂದರೆ ಕೂರುವುದಿಲ್ಲ. ಅವರು ಮತ್ತೆ ಆ ಕಡತ ತೆರೆದರೆ ಮೂರು ಪ್ರತಿಯನ್ನೂ ಕೇಳಿ ತೆಗೆದುಕೊಂಡು ನಿನ್ನ ಕೈಗೆ ಕೊಡುತ್ತೇನೆ. ಅವು ನಿನ್ನವು. ಅಂಗಡಿಯಲ್ಲಿ ಇಷ್ಟು ವರ್ಷ ಮಾಡಿದ್ದು ಅದನ್ನೇ ತಾನೆ.

ಪೆಟ್ಟಿಗೆ ಸಾಗಿಸುವಾಗ ನಿನ್ನ ಅಳತೆಯ ಪಟ್ಟಿ ಸಿಕ್ಕಿತು. ಕಾಲೇಜು ಸೇರುವಾಗ ಸಮವಸ್ತ್ರಕ್ಕೆಂದು ಹಿಡಿದದ್ದು. ಊರಿನ ಹೆಂಗಸರಿಗೆಲ್ಲ ಅವರವರ ಪಟ್ಟಿ ಕೊಟ್ಟವಳು, ಮಗಳದ್ದು ತಾನೇ ಎಂದು ನಿನ್ನದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಇದರೊಳಗೆ ಮಡಿಸಿ ಇಟ್ಟಿದ್ದೇನೆ, ತೆಗೆದುಕೋ.

ಯಾರಿಗೆ ತೋರಿಸಲು ತೆಗೆದೆ ಎಂದು ಇನ್ನು ಕೇಳುವುದಿಲ್ಲ. ಹೇಗಿದ್ದೀಯ ಎಂದು ಕೇಳುತ್ತೇನೆ. ಚೆನ್ನಾಗಿದ್ದೀನಿ ಎಂದು ಮಾತ್ರ ಬರೆಯಬೇಡ.

ಅಮ್ಮ